ಪರ್ತ್ ಕಡಲಲ್ಲಿ ಅಲುಗದೆ ನಿಂತ ಭದ್ರ

ಇದು ನಗೋ ಕತೆಯೋ ಹೆದರೋ ಕತೆಯೋ ನನಗೂ ಸರಿಯಾಗಿ ಗೊತ್ತಿಲ್ಲ. ನಗು ಬಂದ ಕಡೆ ನಗಿ. ಎದೆ ಡವಗುಟ್ಟಿದರೆ ಸ್ವಲ್ಪ ಹತ್ತಿರ ಸರಕೊಂಡು ಕೂತ್ಕೊಳ್ಳಿ. ನಾನಂತೂ ಆದದ್ದನ್ನ ಆದ ಹಾಗೆ ಹೇಳ್ತೀನಿ.

ತಿಪಟೂರಿನಲ್ಲಿ ಸಿದ್ದಗಂಗಮ್ಮ ಅಂತ ಒಬ್ಬ ಹೆಂಗಸು. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಳು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಇದ್ದವನು ಒಬ್ಬನೇ ಮಗ, ವೀರಭದ್ರ. ಊರೆಲ್ಲ ಅವನನ್ನ ಭದ್ರ ಅಂತ ಕರೀತಿತ್ತು. ಆಳು ಆನೆಯ ಹಾಗಿದ್ದ. ರಾಗಿ ಮೂಟೆ ಎತ್ತಿ ಎತ್ತಿ ಕೈ ಒಂದೊಂದು ಒನಕೆಯಷ್ಟಾಗಿತ್ತು. ಮೀಸೆ ಬಂದಿತ್ತು, ಮೀಸೆಯಲ್ಲಿ ಒಂದೆರಡು ಬಿಳಿ ಕೂದಲೂ ಬಂದಿತ್ತು. ಬುದ್ಧಿ ಮಾತ್ರ ಮೀಸೆ ಬರೋಕೆ ಎಷ್ಟೋ ಮುಂಚೆ ನಿಂತುಹೋಗಿತ್ತು.

ಒಂದು ದಿನ ಅಮ್ಮ ಗಿರಣಿಗೆ ರಾಗಿ ಸುರಿದು, ಹಿಟ್ಟು ಬೀಳೋದನ್ನ ನೋಡ್ಕೊಳೋ ಅಂತ ಹೇಳಿ ಒಳಗೆ ಹೋದಳು. ಬಂದು ನೋಡಿದರೆ ಹಿಟ್ಟೆಲ್ಲ ನೆಲದ ಮೇಲೆ. ಡಬ್ಬ ಪಕ್ಕದಲ್ಲಿ ಖಾಲಿ. ಭದ್ರ ಕುಕ್ಕರಗಾಲಲ್ಲಿ ಕೂತು, ರೆಪ್ಪೆ ಬಡಿಯದೆ ಹಿಟ್ಟು ಬೀಳೋದನ್ನ ನೋಡ್ತಿದ್ದ. ಅಮ್ಮ ಹೇಳಿದ್ದಳಲ್ಲ! ಇನ್ನೊಂದು ದಿನ, ಹಾಲು ಉಕ್ಕಿದ ಕೂಡಲೆ ಕರಿ ಅಂದಿದ್ದಳು. ಉಕ್ಕೋವರೆಗೂ ಕಾದು, ಉಕ್ಕಿದ ಮೇಲೆ ಕರೆದ. ಅದೂ ಅಮ್ಮ ಹೇಳಿದ್ದೇ.

ಸಿದ್ದಗಂಗಮ್ಮ ಬೈಯ್ಯೋಳು, ತಲೆ ಚಚ್ಚಿಕೊಳ್ಳೋಳು, ಮತ್ತೆ ಹೊಸದಾಗಿ ಬುದ್ಧಿ ಹೇಳೋಳು. ಆದರೆ ಒಳಗೊಳಗೆ ಒಂದು ಹೆದರಿಕೆ ಇತ್ತು. ಈ ಮಗ ಉಸಿರಾಡ್ತಿರೋದೇ ನನ್ನ ಮಾತಿನ ಮೇಲೆ. ನಾನು ಒಂದು ಮಾತು ತಪ್ಪಾಗಿ ಆಡಿದರೆ ಇವನ ಗತಿ ಏನು? ಇದನ್ನ ಅವಳು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಅವಳ ತಂಗಿಯ ಮಗಳು ವನಜಾಕ್ಷಿ ಆಸ್ಟ್ರೇಲಿಯಾದ ಪರ್ತ್ ಊರಲ್ಲಿ ನರ್ಸ್ ಆಗಿದ್ದಳು. ಅವಳ ಗಂಡ ರೇಣುಕಪ್ರಸಾದ ಅಲ್ಲೇ ರೈಲಿನ ಕೆಲಸದಲ್ಲಿದ್ದ. ಚಿಕ್ಕಂದಿನಲ್ಲಿ ತಾಯಿ ಕಳಕೊಂಡ ವನಜನನ್ನ ಸಾಕಿದವಳು ಸಿದ್ದಗಂಗಮ್ಮನೇ. ಆ ಋಣಕ್ಕೆ ಅವಳು, ದೊಡ್ಡಮ್ಮ, ಒಂದು ಸಲ ಬಂದು ಊರು ನೋಡಿಕೊಂಡು ಹೋಗು ಅಂತ ವರ್ಷಗಟ್ಟಲೆ ಕರೆದಳು. ಭದ್ರನನ್ನ ಬಿಟ್ಟು ಬರೋದು ಹೇಗೆ ಅಂದರೆ, ಅವನನ್ನೂ ಕರಕೊಂಡು ಬಾ ಅಂದಳು. ಕೊನೆಗೆ ಹೊರಟರು.

ವಿಮಾನದಲ್ಲಿ ಸಿದ್ದಗಂಗಮ್ಮನಿಗೆ ಒಂದೇ ಯೋಚನೆ. ಆ ದೇಶದಲ್ಲಿ ತಿನ್ನೋ ಪದಾರ್ಥ ತಂದರೆ ಭಾರಿ ತಪಾಸಣೆ ಅಂತ ಯಾರೋ ಹೇಳಿದ್ದರು. ಅವಳ ಚೀಲದಲ್ಲಿ ಸೀರೆ ಮಡಿಕೆ ನಡುವೆ ಕೊಬ್ಬರಿ ಇತ್ತು. ಭದ್ರ ಏನಾದರೂ ಎಡವಟ್ಟು ಮಾಡಿಯಾನು ಅಂತ, ಅಧಿಕಾರಿಗಳು ಏನು ಕೇಳಿದರೂ ಕಂಡದ್ದನ್ನ ಕಂಡ ಹಾಗೆ ಹೇಳಿಬಿಡು, ಸುಳ್ಳು ಮಾತ್ರ ಆಡಬೇಡ ಅಂತ ಕಿವಿಯಲ್ಲಿ ಹೇಳಿದಳು.

ಇಳಿದರು. ತಪಾಸಣೆಯ ಮೇಜಿನ ಹಿಂದೆ ಎತ್ತರದ ಒಬ್ಬ ಅಧಿಕಾರಿ, ಪಕ್ಕದಲ್ಲಿ ಅರ್ಧಂಬರ್ಧ ಕನ್ನಡ ಬರೋ ಒಬ್ಬ ತೆಲುಗು ಹೆಂಗಸು. ಚೀಲದಲ್ಲಿ ಏನಿದೆ ಅಂತ ಅವಳು ಕೇಳಿದಳು. ಭದ್ರ ಶುರು ಮಾಡಿದ. ಹಸಿರು ಸೀರೆ ಒಳಗೆ ಕೊಬ್ಬರಿ ಇದೆ ಅಂದ. ಅಮ್ಮ ವಿಮಾನದಲ್ಲಿ ಅತ್ತಳು ಅಂದ. ಅಲ್ಲಿಗೆ ನಿಲ್ಲಿಸಿದನೇ? ಹಿಂದೆ ನಿಂತಿದ್ದ, ಪಕ್ಕದ ಸೀಟಿನಲ್ಲಿ ಕೂತು ಬಂದಿದ್ದ ಯಜಮಾನರ ಕಡೆ ಬೆರಳು ತೋರಿಸಿ, ಇವರ ಕಾಲುಚೀಲದಲ್ಲಿ ಕರಿಬೇವಿನ ಬೀಜ ಇದೆ, ನಾನು ಕಂಡೆ ಅಂದ.

ಮೂವರನ್ನೂ ಒಂದು ಬೆಳ್ಳನೆ ಕೋಣೆಯಲ್ಲಿ ಕೂರಿಸಿದರು. ಯಜಮಾನರು ಕಾಲುಚೀಲ ಬಿಚ್ಚುತ್ತಾ ಭದ್ರನನ್ನ ನೋಡಿದ ನೋಟ ಇದೆಯಲ್ಲ, ಅದು ಸಿದ್ದಗಂಗಮ್ಮನಿಗೆ ಕನಸಲ್ಲೂ ಬರ್ತಿತ್ತು. ಜೈಲು ಅಂತಲೇ ಅವಳು ತಿಳಕೊಂಡಳು. ತನ್ನನ್ನ ಒಂದು ಕಡೆ, ಮಗನನ್ನ ಒಂದು ಕಡೆ ಹಾಕಿದರೆ ಅವನಿಗೆ ಊಟ ಮಾಡು ಅಂತ ಹೇಳೋರು ಯಾರು ಅಂತ ಮಗನ ಅಂಗಿ ತುದಿ ಬಿಗಿಯಾಗಿ ಹಿಡಕೊಂಡಳು. ಕೊನೆಗೆ ಏನೂ ಆಗಲಿಲ್ಲ. ಕೊಬ್ಬರಿ ತಗೊಂಡರು, ಬೀಜ ತಗೊಂಡರು, ಹೋಗಿ ಅಂದರು. ಹೊರಗೆ ಬರುತ್ತಲೇ ಅಮ್ಮ ಬೈದಳು. ಕಂಡದ್ದನ್ನೆಲ್ಲ ಊರಿಗೆ ಸಾರಬಾರದು ಕಣೋ, ಪರದೇಶದಲ್ಲಿ ಏನು ಕಂಡರೂ ಹೊಟ್ಟೆಯಲ್ಲಿ ಇಟ್ಕೋಬೇಕು ಅಂದಳು.

ಭದ್ರ ಹೂಂ ಅಂದ. ಹೊಟ್ಟೆ ಮುಟ್ಟಿ ನೋಡಿಕೊಂಡ.

ಮೊದಲ ರಜದ ದಿನ ಪ್ರಸಾದ ಎಲ್ಲರನ್ನೂ ಕಾರಲ್ಲಿ ಕೂರಿಸಿಕೊಂಡು ಊರಾಚೆ ಗುಡ್ಡಗಳ ಕಡೆ ಹೋದ. ಅಲ್ಲೊಂದು ಅಣೆಕಟ್ಟು, ಅದರ ಹಿಂದೆ ನೀರು, ಸುತ್ತ ನೀಲಗಿರಿ ಕಾಡು. ನಮ್ಮ ಕಡೆ ನೆಡುತೋಪಿನಲ್ಲಿರೋ ನೀಲಗಿರಿ ಅಲ್ಲ. ತಬ್ಬಿದರೆ ತೋಳು ಸಾಲದ ಮರಗಳು, ತೊಗಟೆ ಸುಲಿದು ಮೈಯೆಲ್ಲ ಬಿಳಿ. ಮನುಷ್ಯರ ಸದ್ದಿಲ್ಲ. ಸಿದ್ದಗಂಗಮ್ಮನಿಗೆ ಆ ನಿಶ್ಶಬ್ದವೇ ಹಿಡಿಸಲಿಲ್ಲ. ಒಂದು ಕಟ್ಟೆಬೆಂಚಿನ ಮೇಲೆ ಕೂತು, ಚಪ್ಪಲಿ ಕಳಚಿ ಕಾಲು ಚಾಚಿದಳು. ಪಕ್ಕದಲ್ಲಿ ಪ್ರಸಾದ ಕೂತು ಅಣೆಕಟ್ಟಿನ ಕತೆ ಹೇಳತೊಡಗಿದ. ವನಜ ಬುತ್ತಿ ಬಿಚ್ಚಿದಳು.

ಭದ್ರ ಎದುರಿಗೆ ನಿಂತಿದ್ದ. ಬೆಂಚಿನ ಅಡಿಯಿಂದ ಕಂದು ಬಣ್ಣದ ಒಂದು ಹಾವು ತಲೆ ಹೊರಗಿಟ್ಟಿತು. ಭದ್ರ ಕಂಡ. ಅದು ನಿಧಾನವಾಗಿ ಅಮ್ಮನ ಚಪ್ಪಲಿ ಮೇಲೆ ಹತ್ತಿತು. ಅದನ್ನೂ ಕಂಡ. ಭದ್ರನಿಗೂ ಹಾವು ಅಂದರೆ ಪ್ರಾಣಭಯ. ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. ಆದರೂ ಎರಡು ಕೈಯಲ್ಲೂ ಹೊಟ್ಟೆ ಒತ್ತಿ ಹಿಡಕೊಂಡು ನಿಂತ. ಅಮ್ಮ ಹೇಳಿದ್ದಳಲ್ಲ!

ವನಜ ಅವನ ಮುಖ ನೋಡಿ, ಹೊಟ್ಟೆನೋವಾ ಭದ್ರ ಅಂತ ಕೇಳಿದಳು. ಅವನು ಇಲ್ಲ ಅಂತ ತಲೆ ಅಲ್ಲಾಡಿಸಿದ. ಕಣ್ಣು ಮಾತ್ರ ಕೆಳಗೇ. ಆ ಕಣ್ಣಿನ ಜಾಡು ಹಿಡಿದು ಅವಳೂ ಕೆಳಗೆ ನೋಡಿದಳು. ಹಾವು ಅಮ್ಮನ ಹಿಮ್ಮಡಿಗೆ ಒಂದು ಗೇಣು ದೂರದಲ್ಲಿತ್ತು. ವನಜ ಗಟ್ಟಿಗಿತ್ತಿ. ದನಿ ಏರಿಸದೆ, ದೊಡ್ಡಮ್ಮ, ಕಾಲು ಅಲ್ಲಾಡಿಸಬೇಡ, ಏನೂ ಕೇಳಬೇಡ ಅಂದಳು. ಸಿದ್ದಗಂಗಮ್ಮ ಕಲ್ಲಾದಳು. ಕಾಲ ಬೆರಳಿಗೆ ಏನೋ ತಣ್ಣಗೆ ಸವರಿಕೊಂಡು ಹೋಯಿತು. ಹಾವು ಹುಲ್ಲಿಗೆ ಇಳಿದು ಮಾಯವಾದ ಮೇಲೂ ಅವಳು ಉಸಿರು ಬಿಡಲಿಲ್ಲ.

ಪ್ರಸಾದನಿಗೆ ನಡುಕದ ಜೊತೆ ಸಿಟ್ಟು. ಕಂಡೂ ಕಂಡೂ ಸುಮ್ಮನಿದ್ದೆಯಲ್ಲ, ನಿನ್ನ ತಾಯಿ ಸತ್ತಿದ್ದರೆ ಏನು ಮಾಡ್ತಿದ್ದೆ ಅಂತ ಕೇಳಿದ. ಭದ್ರನಿಗೆ ಅಳು ಬಂತು. "ಹೊಟ್ಟೇಲಿ ಇಟ್ಕೊಂಡಿದ್ದೆ ಭಾವ. ಹೊರಗೆ ಬರ್ತೀನಿ ಬರ್ತೀನಿ ಅಂತಿತ್ತು. ಒತ್ತಿ ಹಿಡ್ಕೊಂಡಿದ್ದೆ" ಅಂದ.

ಅಮ್ಮ ಬೈಯ್ಯೋಕೆ ಹೋದಳು, ಆಗಲಿಲ್ಲ. ಅಂಥದ್ದು ಕಂಡರೆ ಊರಿಗೆಲ್ಲ ಕೇಳೋ ಹಾಗೆ ಕೂಗಬೇಕಪ್ಪ ಅಂತ ಮೆಲ್ಲಗೆ ಹೇಳಿದಳು. ಪ್ರಸಾದ, ಇಲ್ಲಿಯವರಿಗೆ ಕನ್ನಡ ತಿಳಿಯಲ್ಲ, ಸ್ನೇಕ್ ಅಂತ ಕೂಗು ಅಂತ ಒಂದು ಪದವನ್ನೂ ಕಲಿಸಿಕೊಟ್ಟ. ದಾರಿಯುದ್ದಕ್ಕೂ ಭದ್ರ ಸ್ನೇಕು, ಸ್ನೇಕು ಅಂತ ಗುಣಗುಣಿಸಿಕೊಂಡು ಬಂದ.

ಮರುವಾರ ಊರೊಳಗಿನ ದೊಡ್ಡ ಉದ್ಯಾನಕ್ಕೆ ಹೋದರು. ಎತ್ತರದ ದಿಣ್ಣೆ, ಕೆಳಗೆ ಅಗಲವಾದ ನದಿ, ನದಿಯ ದಡದಲ್ಲಿ ಗಾಜಿನ ಕಟ್ಟಡಗಳು. ಹುಲ್ಲಿನ ಮೇಲೆ ಮಕ್ಕಳು ಉರುಳಾಡ್ತಿದ್ದರು. ಒಂದು ಮದುವೆ ಹೆಣ್ಣು ಉದ್ದ ಲಂಗ ಹರಡಿಕೊಂಡು ಫೋಟೋ ತೆಗೆಸಿಕೊಳ್ತಿದ್ದಳು. ಸಿದ್ದಗಂಗಮ್ಮನಿಗೆ ಊರು ಬಿಟ್ಟ ಮೇಲೆ ಮೊದಲ ಸಲ ಮನಸ್ಸು ಹಗುರವಾಯಿತು.

ಹೂಪಾತಿಯ ಹತ್ತಿರ ನೀರು ಬಿಡೋ ಪೈಪು ಬಿದ್ದಿತ್ತು. ಕಂದು ಬಣ್ಣದ್ದು. ಮಾಲಿ ಎಲ್ಲೋ ನಲ್ಲಿ ತಿರುಗಿಸಿದ. ಪೈಪಿನ ಮೈ ಉಬ್ಬಿತು, ಅತ್ತಿತ್ತ ಹೊರಳಿತು. ಭದ್ರ ಕಂಡ. ಎದೆ ತುಂಬ ಗಾಳಿ ಎಳೆದುಕೊಂಡು, ಗಿರಣಿಯ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲಲ್ಲಿ ಸ್ನೇಕ್ ಅಂತ ಕೂಗಿದ. ಊರಿಗೆಲ್ಲ ಕೇಳಬೇಕಲ್ಲ, ಅದಕ್ಕೆ ಇನ್ನೊಂದು ಸಲ ಕೂಗಿದ. ನದಿಯಾಚೆಯವರಿಗೆ ಕೇಳಿಸದೆ ಹೋದೀತು ಅಂತ ಮತ್ತೊಂದು ಸಲ.

ಜನ ಎದ್ದು ಓಡಿದರು. ಮದುವೆ ಹೆಣ್ಣು ಲಂಗ ಎತ್ತಿಕೊಂಡು ಓಡಿದಳು. ತಾಯಂದಿರು ಸಿಕ್ಕ ಸಿಕ್ಕ ಮಕ್ಕಳನ್ನ ಎತ್ತಿಕೊಂಡರು. ಆ ನುಗ್ಗಲಿನಲ್ಲಿ ಊರುಗೋಲು ಹಿಡಿದ ಒಬ್ಬ ಮುದುಕಿ ಮಗ್ಗುಲಾಗಿ ಬಿದ್ದಳು. ಮೊಣಕಾಲು ತರಚಿ ರಕ್ತ ಇಳಿಯಿತು. ವನಜ ಓಡಿಹೋಗಿ ಅವಳ ತಲೆ ತೊಡೆ ಮೇಲಿಟ್ಟುಕೊಂಡು, ಕರ್ಚೀಫು ಕಟ್ಟಿ, ಸೊಂಟದ ಮೂಳೆ ಒತ್ತಿ ಒತ್ತಿ ನೋಡಿದಳು. ಅಷ್ಟು ಹೊತ್ತೂ ಸಿದ್ದಗಂಗಮ್ಮ ಒಂದು ಮರಕ್ಕೆ ಒರಗಿ ಮನೆದೇವರನ್ನ ಕರೀತಿದ್ದಳು. ಮುದುಕಿಯ ಸೊಂಟ ಮುರಿದಿದ್ದರೆ ಮಗನನ್ನ ಪೊಲೀಸರು ಕರಕೊಂಡು ಹೋಗ್ತಾರೆ ಅಂತ ಅವಳ ಭಯ. ಮೂಳೆ ಮುರಿದಿರಲಿಲ್ಲ. ಮುದುಕಿಯೇ ಒಳ್ಳೆಯವಳು, ಎದ್ದು ಕೂತು ಪೈಪಿನ ಕಡೆ ನೋಡಿ ಏನೋ ಅಂದು ನಕ್ಕಳು. ಪ್ರಸಾದ ಮಾತ್ರ ನಗಲಿಲ್ಲ. ಎಲ್ಲರ ಹತ್ತಿರ ಹೋಗಿ ಕ್ಷಮೆ ಕೇಳಿ ಬಂದ.

ಮನೆಗೆ ಬಂದ ಮೇಲೆ ಅಮ್ಮ ಬೈದಳು. ದೂರದಿಂದ ಕಂಡು ಕೂಗಿಬಿಡೋದಾ? ಹತ್ತಿರ ಹೋಗಿ, ದಿಟವೋ ಸುಳ್ಳೋ ಅಂತ ಮುಟ್ಟಿ ನೋಡಿ, ಆಮೇಲೆ ಬಾಯಿ ತೆಗೀಬೇಕು ಅಂದಳು. ಅಂದ ಮೇಲೆ ತಾನೇ ಒಂದು ಕ್ಷಣ ನಿಂತಳು. ಹಾವನ್ನ ಮುಟ್ಟಿ ನೋಡೋದಾ ಅಂತ ಹೊಳೆದು, ಹಾವನ್ನಲ್ಲ, ಹಾವನ್ನ ಮಾತ್ರ ಮುಟ್ಟಬೇಡ ಅಂತ ಸೇರಿಸಿದಳು. ಆಗ ಅವಳಿಗೆ ಸ್ವಲ್ಪ ಸಮಾಧಾನವಾಯಿತು.

ಪೇಟೆಯ ದೊಡ್ಡ ಬೀದಿ ಪಕ್ಕದಲ್ಲಿ ಕಂಚಿನ ಕಾಂಗರೂಗಳನ್ನ ನಿಲ್ಲಿಸಿದ್ದಾರೆ. ಒಂದು ಸಂಜೆ ವನಜ ಅವನ್ನ ತೋರಿಸಿದಳು. ಭದ್ರ ಹತ್ತಿರ ಹೋಗಿ ಮುಟ್ಟಿ ನೋಡಿದ. ಕಿವಿ ಎಳೆದ. ತಣ್ಣಗಿತ್ತು, ಗಟ್ಟಿಗಿತ್ತು. ಸುಳ್ಳು ಅಂತ ಹೇಳಿ ವಾಪಸು ಬಂದ. ಅಮ್ಮ, ನನ್ನ ಮಗನಿಗೂ ಬುದ್ಧಿ ಬರ್ತಾ ಇದೆ ಅಂತ ಹಿಗ್ಗಿ ಬೆನ್ನು ಸವರಿದಳು. ಪಾಪ.

ಅದಾದ ಮೇಲೆ ಊರಿನ ಉತ್ತರಕ್ಕೆ, ಕೆರೆ ಪಕ್ಕದ ಒಂದು ಕಾಡಿಗೆ ಹೋದರು. ಹೊತ್ತು ಇಳೀತಿತ್ತು. ಹುಲ್ಲುಗಾವಲಿನಲ್ಲಿ ಕಾಂಗರೂಗಳು ಗುಂಪುಗುಂಪಾಗಿ ಮೇಯ್ತಿದ್ದವು. ಗುಂಪಿನಿಂದಾಚೆ ಒಂದು ದೊಡ್ಡ ಗಂಡು ಮೊಣಕೈ ಊರಿ, ಪಾಳೇಗಾರನ ಹಾಗೆ ಒರಗಿ ಮಲಗಿತ್ತು. ಅಲ್ಲಾಡ್ತಿರಲಿಲ್ಲ. ಪ್ರಸಾದ ಎಲ್ಲರಿಗೂ ದೂರದಿಂದಲೇ ನೋಡಿ ಅಂದಿದ್ದ. ಅವನು ಫೋಟೋ ತೆಗೆಯೋಕೆ ಆ ಕಡೆ ತಿರುಗಿದ, ಭದ್ರ ಈ ಕಡೆ ನಡೆದ.

ಅಮ್ಮ ನೋಡೋ ಹೊತ್ತಿಗೆ ಅವನು ಆ ಪ್ರಾಣಿಯ ಪಕ್ಕದಲ್ಲಿ ಬಗ್ಗಿ ಕಿವಿ ಎಳೀತಿದ್ದ.

ಕಾಂಗರೂ ಎದ್ದಿತು. ಎದ್ದೇ ಎದ್ದಿತು. ಆಳು ಆನೆಯಂಥ ಭದ್ರ ಅದರ ಮುಂದೆ ಕುಳ್ಳನಾಗಿ ಕಂಡ. ಮುಂಗಾಲಿಂದ ಅವನ ಎರಡು ಹೆಗಲನ್ನೂ ಹಿಡಿಯಿತು. ಬಾಲ ನೆಲಕ್ಕೆ ಊರಿ ಮೈಯನ್ನ ಹಿಂದಕ್ಕೆ ವಾಲಿಸಿತು. ಹಾಗೆ ವಾಲಿದರೆ ಮುಂದೆ ಏನು ಮಾಡುತ್ತೆ ಅಂತ ಪ್ರಸಾದನಿಗೆ ಗೊತ್ತಿತ್ತು. ಹಿಂಗಾಲಲ್ಲಿ ಒದ್ದು ಹೊಟ್ಟೆ ಸೀಳುತ್ತೆ. ಅವನು ಬಾಯಿ ತೆರೆಯೋ ಮೊದಲೇ ಸಿದ್ದಗಂಗಮ್ಮನೇ ಕೂಗಿದಳು. "ಅಲುಗಬೇಡ ಮಗ. ನಾನು ಹೇಳೋವರೆಗೂ ಅಲುಗಬೇಡ."

ಭದ್ರ ಅಲುಗಲಿಲ್ಲ. ಉಗುರು ಅಂಗಿ ದಾಟಿ ಹೆಗಲಿಗೆ ಇಳಿಯಿತು, ಅಲುಗಲಿಲ್ಲ. ಕಾಂಗರೂವಿನ ಬಿಸಿ ಉಸಿರು ಮುಖಕ್ಕೆ ಬಡಿಯಿತು, ಕಣ್ಣು ಸಹ ಮಿಟುಕಿಸಲಿಲ್ಲ. ಪ್ರಾಣಿ ಅವನನ್ನ ಮೂಸಿತು. ಮರವೋ ಕಲ್ಲೋ ಅಂದುಕೊಂಡಿತೋ ಏನೋ. ಹೆಗಲು ಬಿಟ್ಟು, ಅಡ್ಡಡ್ಡ ನೋಡಿ, ಕುಪ್ಪಳಿಸಿಕೊಂಡು ಹೋಯಿತು. ಭದ್ರ ನಿಂತೇ ಇದ್ದ. ಅಮ್ಮ ಹೋಗಿ ಕೈ ಹಿಡಿದು, ಬಾರೋ ಅಂದ ಮೇಲೆ ಅವಳ ಮೇಲೆ ಕುಸಿದ. ಇದು ದಿಟದ್ದು ಅಮ್ಮ ಅಂತ ಹೇಳಿದ.

ಆ ದಿನ ಗಾಯ ತೊಳೆದು ಮುಲಾಮು ಹಚ್ಚೋವಾಗ ವನಜ ಬಾಗಿಲ ಹೊರಗೆ ಗಂಡನ ಮಾತು ಕೇಳಿಸಿಕೊಂಡಳು. ಇನ್ನು ಸಾಕು, ಇವರು ಊರಿಗೆ ಹೋಗೋವರೆಗೂ ಮನೆಯಲ್ಲೇ ಇರಲಿ, ನನ್ನ ಕೈಯಲ್ಲಿ ಆಗಲ್ಲ ಅಂತ ಅವನು ತನ್ನಷ್ಟಕ್ಕೆ ಹೇಳಿಕೊಳ್ತಿದ್ದ. ಸಿದ್ದಗಂಗಮ್ಮನಿಗೂ ಕೇಳಿಸಿತು. ಈ ಸಲ ಅವಳು ಮಗನಿಗೆ ಬೈಯಲಿಲ್ಲ. ತಾನು ಆಡಿದ ಒಂದೊಂದು ಮಾತೂ ಹೇಗೆ ಅವನ ಕೊರಳಿಗೆ ಸುತ್ತಿಕೊಂಡಿತು ಅಂತ ನೆನೆಸಿಕೊಂಡು ಮಾತಾಡೋಕೇ ಹೆದರಿದಳು. ಒಂದು ಮಾತು ಮಾತ್ರ ಅವನನ್ನ ಉಳಿಸಿತ್ತು. ಅದನ್ನೇ ಗಟ್ಟಿಮಾಡಿಕೊಂಡಳು. ಇನ್ಮೇಲೆ ನಾನು ನಿಲ್ಲು ಅಂದ ಕಡೆ ನಿಲ್ಲು, ಯಾರು ಕರೆದರೂ ಹೋಗಬೇಡ, ನಾನೇ ಬಂದು ಹೇಳೋವರೆಗೂ ಅಲುಗಬೇಡ ಅಂದಳು. ಭದ್ರ ಹೂಂ ಅಂದ.

ಊರಿಗೆ ಹೊರಡೋ ದಿನ ಹತ್ತಿರವಾಯಿತು. ಇಷ್ಟು ದೂರ ಬಂದು ಕಡಲು ನೋಡದೆ ಹೋಗೋದು ಹೇಗೆ ಅಂತ ವನಜ ಹಟ ಹಿಡಿದಳು. ಪ್ರಸಾದ ಒಲ್ಲದ ಮನಸ್ಸಿಂದ ಕಾರು ತೆಗೆದ. ಊರಿನ ದಕ್ಷಿಣಕ್ಕೆ ಹೋದರೆ ಒಂದು ದಂಡೆ. ಎದುರಿಗೆ ಪುಟ್ಟ ದ್ವೀಪ. ದಂಡೆಗೂ ದ್ವೀಪಕ್ಕೂ ನಡುವೆ ನೀರೊಳಗೆ ಮರಳಿನ ದಿಬ್ಬ. ನೀರು ಇಳಿದಾಗ ಅದರ ಮೇಲೆ ಪಾದ ಮುಳುಗೋವಷ್ಟೇ ನೀರು. ನೋಡೋಕೆ ಬಲು ಚೆಂದ, ಯಾವಾಗ ನೀರು ಏರುತ್ತೋ ನಂಬೋಕೆ ಆಗಲ್ಲ. ದಾಟಬೇಡಿ ಅಂತ ಬೋರ್ಡು ಇತ್ತು. ದಾಟೋದಿಲ್ಲ, ಸ್ವಲ್ಪ ದೂರ ಹೋಗಿ ಬರೋಣ ಅಂತ ಪ್ರಸಾದ ಅಂದ. ಆಮೇಲೆ ಆ ಮಾತಿಗೆ ಅವನು ತನ್ನನ್ನೇ ಬಹಳ ಬೈದುಕೊಂಡ.

ನಾಲ್ವರೂ ಮರಳ ಮೇಲೆ ನಡೆದರು. ಬಿಸಿಲು, ನೀಲಿ ನೀರು, ಆಚೆ ಈಚೆ ಇನ್ನೂ ಕೆಲವು ಜನ. ಅಷ್ಟರಲ್ಲಿ ಸಿದ್ದಗಂಗಮ್ಮನಿಗೆ ಕಣ್ಣು ಕತ್ತಲಿಟ್ಟ ಹಾಗಾಯಿತು. ಅವಳಿಗೆ ಸಕ್ಕರೆ ಕಾಯಿಲೆ, ಬೆಳಗ್ಗೆ ಸರಿಯಾಗಿ ತಿಂದಿರಲಿಲ್ಲ. ವನಜ ಒಂದು ತೋಳು, ಪ್ರಸಾದ ಒಂದು ತೋಳು ಹಿಡಕೊಂಡು ಅವಳನ್ನ ದಂಡೆಗೆ ತಿರುಗಿಸಿದರು. ಭದ್ರ ಗಾಬರಿಯಾಗಿ ಅತ್ತಿತ್ತ ಓಡಾಡತೊಡಗಿದ. ನೀರಿಗೆ ಬಿದ್ದಾನು ಅಂತ ಅಮ್ಮ, ನೀನು ಇಲ್ಲೇ ನಿಂತಿರು, ಬರ್ತೀನಿ ಅಂದಳು. ಅಭ್ಯಾಸ ಬಲದಿಂದ ಬಾಯಿಗೆ ಬಂದ ಮಾತು.

ಅವಳನ್ನ ಕಾರಲ್ಲಿ ಒರಗಿಸಿ, ಹಣ್ಣಿನ ರಸ ಕುಡಿಸಿ, ಅವಳು ಕಣ್ಣು ಬಿಡೋ ಹೊತ್ತಿಗೆ ಗಾಳಿ ಎದ್ದಿತ್ತು. ಭದ್ರ ಎಲ್ಲಿ ಅಂತ ಕೇಳಿದಳು. ಹಿಂದೆಯೇ ಬಂದ ಅಂತ ವನಜ ತಿಳಿದಿದ್ದಳು. ವನಜನ ಜೊತೆ ಇದ್ದಾನೆ ಅಂತ ಪ್ರಸಾದ ತಿಳಿದಿದ್ದ.

ದಂಡೆಗೆ ಓಡಿ ಬಂದು ನೋಡಿದರೆ ಮರಳ ದಿಬ್ಬ ಇರಲಿಲ್ಲ. ಬರೀ ನೀರು, ಎರಡು ಕಡೆಯಿಂದಲೂ ಅಲೆ ಬಂದು ನಡುವೆ ಬಡಿದುಕೊಳ್ತಿತ್ತು. ಅಲ್ಲಿದ್ದ ಜನರೆಲ್ಲ ಆಗಲೇ ದಡ ಸೇರಿದ್ದರು. ನೀರಿನ ನಡುವೆ ಒಂದೇ ಒಂದು ತಲೆ, ಎರಡು ಹೆಗಲು. ಭದ್ರ ದಂಡೆಗೆ ಮುಖ ಮಾಡಿ ನೆಟ್ಟ ಕಂಬದ ಹಾಗೆ ನಿಂತಿದ್ದ.

ಕೆಂಪು ಹಳದಿ ಟೋಪಿ ಹಾಕಿದ, ಮುಳುಗೋರನ್ನ ಕಾಪಾಡೋ ಕಾವಲಿನವನೊಬ್ಬ ಹಲಗೆ ಮೇಲೆ ಈಜಿಕೊಂಡು ಅವನ ಹತ್ತಿರ ತಲುಪಿದ. ನರೆತ ಗಡ್ಡದ ದೃಢಕಾಯದ ಮನುಷ್ಯ, ಕೀತ್ ಅಂತ ಹೆಸರು. ಬಾ ಅಂತ ಕರೆದ, ತೋಳು ಹಿಡಿದು ಎಳೆದ. ಭದ್ರ ಅಲುಗಲಿಲ್ಲ. ಯಾರು ಕರೆದರೂ ಹೋಗಬೇಡ ಅಂತ ಅಮ್ಮ ಹೇಳಿದ್ದಳಲ್ಲ! ಅಲೆ ಬಂದು ತಲೆ ಮುಚ್ಚಿತು. ಇಳಿಯಿತು. ಭದ್ರ ಕೆಮ್ಮಿದ, ಮತ್ತೆ ಅಲ್ಲೇ ನಿಂತ. ಹೆದರಿಕೆಯಲ್ಲಿ ಅವನ ಬಾಯಿ ಅಳುವ ಮಗುವಿನ ಹಾಗೆ ಸೊಟ್ಟಗಾಗಿತ್ತು. ಆದರೂ ಕಾಲು ಕೀಳಲಿಲ್ಲ.

ಪ್ರಸಾದ ಸೊಂಟದವರೆಗೂ ನೀರಿಗಿಳಿದು ಕೂಗಿದ. ಅಮ್ಮ ಬರೋಕೆ ಹೇಳ್ತಿದ್ದಾರೆ, ಬಾರೋ ಅಂತ. ಗಾಳಿಯಲ್ಲಿ ಭದ್ರನ ದನಿ ತುಂಡು ತುಂಡಾಗಿ ಬಂತು. "ಅಮ್ಮನೇ ಬರಬೇಕು ಭಾವ. ಅಮ್ಮನೇ ಬಂದು ಹೇಳಬೇಕು."

ಸಿದ್ದಗಂಗಮ್ಮ ಹುಟ್ಟಿದಾಗಿನಿಂದ ಮೊಣಕಾಲಿಗಿಂತ ಹೆಚ್ಚಿನ ನೀರಿಗೆ ಇಳಿದವಳಲ್ಲ. ತುಂಬಿದ ಬಾವಿ ಕಂಡರೂ ಹಿಂದೆ ಸರಿಯೋಳು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರವಾಗಿ ಕಡಲಿಗೆ ನಡೆದಳು. ವನಜ ಹಿಡಿದಳು, ಇವಳು ಕೊಡವಿಕೊಂಡಳು. ನನ್ನ ಮಾತು ಅವನನ್ನ ಅಲ್ಲಿ ಕಟ್ಟಿಹಾಕಿದೆ ಕಣೆ, ನಾನೇ ಹೋಗಿ ಬಿಚ್ಚಬೇಕು ಅಂದಳು. ಕಾವಲಿನವರ ರಬ್ಬರ್ ದೋಣಿ ಆಗ ತಾನೇ ನೀರಿಗೆ ಇಳೀತಿತ್ತು. ವನಜ ಅವರಿಗೆ ಏನು ಹೇಳಿದಳೋ, ಅವರೇನು ತಿಳಕೊಂಡರೋ, ನೀರಲ್ಲಿ ತೇಲಿಸೋ ಒಂದು ಜಾಕೀಟು ತೊಡಿಸಿ ಸಿದ್ದಗಂಗಮ್ಮನನ್ನ ದೋಣಿಯೊಳಗೆ ಎಳಕೊಂಡರು.

ದೋಣಿ ಹತ್ತಿರ ಹೋಯಿತು, ಪೂರ್ತಿ ಹತ್ತಿರ ಹೋಗಲು ಅಲೆ ಬಿಡಲಿಲ್ಲ. ನೀರು ಭದ್ರನ ಗದ್ದಕ್ಕೆ ಬಂದಿತ್ತು. ಅಮ್ಮನನ್ನ ಕಂಡು ಅವನ ಮುಖ ಅರಳಿತು. ಅಮ್ಮ ದೋಣಿಯ ಅಂಚು ಹಿಡಿದು ಎದ್ದಳು. ಏನು ಹೇಳಲಿ? ಬಾ ಅಂದರೆ ಈಜು ಬಾರದವನು ಆಳಕ್ಕೆ ನಡೆದುಬಿಡ್ತಾನೆ. ಹಿಡ್ಕೊ ಅಂದರೆ ಏನನ್ನ ಹಿಡೀತಾನೋ. ಅಷ್ಟು ಹೊತ್ತಿನಲ್ಲೂ ಅವಳು ಮಾತನ್ನ ತೂಗಿದಳು. ಆಮೇಲೆ ಕೂಗಿದಳು. "ಭದ್ರ, ಪಕ್ಕದಲ್ಲಿರೋ ಗಡ್ಡದವರ ಕೈ ಹಿಡ್ಕೊ. ಅವರು ಕರಕೊಂಡು ಹೋದ ಕಡೆ ಹೋಗು. ಯಾರು ಏನು ಹೇಳಿದರೂ ಆ ಕೈ ಬಿಡಬೇಡ."

ಅದನ್ನ ಹೇಳಿ ಮುಗಿಸೋದಕ್ಕೂ ದೊಡ್ಡದೊಂದು ಅಲೆ ದೋಣಿಯನ್ನ ಮಗುಚೋದಕ್ಕೂ ಸರಿಹೋಯಿತು.

ಜಾಕೀಟು ಇದ್ದದ್ದಕ್ಕೆ ಅವಳು ಉಳಿದಳು. ಆದರೆ ನೀರು ಕುಡಿದಿದ್ದಳು, ಪ್ರಜ್ಞೆ ಇರಲಿಲ್ಲ. ಕಾವಲಿನವರು ದಂಡೆಗೆ ತಂದು, ಮಗ್ಗುಲು ಹೊರಳಿಸಿ, ಉಸಿರು ಬರಿಸಿ, ಆಂಬುಲೆನ್ಸಿನಲ್ಲಿ ಮಲಗಿಸಿದರು. ವನಜ ಜೊತೆಯಲ್ಲಿ ಹತ್ತಿದಳು. ಇತ್ತ ಕೀತ್ ಒಂದು ಕೈ ಭದ್ರನಿಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಹಲಗೆ ಹಿಡಿದು, ಅಲೆಗೆ ಮೈಕೊಟ್ಟು ಹೇಗೋ ಅವನನ್ನ ದಡಕ್ಕೆ ಎಳಕೊಂಡು ಬಂದ. ಇಬ್ಬರೂ ಮರಳ ಮೇಲೆ ಬಿದ್ದು ಏದುಸಿರು ಬಿಟ್ಟರು. ಗಂಡಾಂತರ ಕಳೀತು.

ಸುಧಾರಿಸಿಕೊಂಡು ಕೀತ್ ಏಳೋಕೆ ಹೋದ. ಕೈ ಬರಲಿಲ್ಲ.

ಪ್ರಸಾದ, ಬಿಡೋ, ದಡ ಬಂತು ಅಂದ. ಭದ್ರ ಬಿಡಲಿಲ್ಲ. ಪ್ರಸಾದ ಅವನ ಬೆರಳು ಒಂದೊಂದಾಗಿ ಬಿಡಿಸೋಕೆ ನೋಡಿದ. ರಾಗಿ ಮೂಟೆ ಎತ್ತಿದ ಕೈ, ಬಿಡಿಸೋಕೆ ಆದೀತೇ? ಅಮ್ಮ ಎಲ್ಲಿ ಅಂತ ಭದ್ರ ಕೇಳಿದ. ಆಸ್ಪತ್ರೆಯಲ್ಲಿ ಅಂತ ಪ್ರಸಾದ ತೊದಲಿದ. ಅಲ್ಲಿಗೆ ಅವನ ಹಿಡಿತ ಇನ್ನೂ ಬಿಗಿಯಾಯಿತು. ಪ್ರಸಾದ ನಾಚಿಕೆಯಿಂದ ಕೀತನಿಗೆ ಎಲ್ಲ ವಿವರಿಸಿದ. ಇವನು ಮಾತನ್ನ ಅಕ್ಷರ ಅಕ್ಷರ ನಡೆಸೋನು, ತಾಯಿ ಬಿಡಬೇಡ ಅಂದಿದ್ದಾಳೆ, ತಾಯಿಯೇ ಬಿಡು ಅನ್ನಬೇಕು ಅಂತ.

ಕೀತ್ ಭದ್ರನ ಮುಖ ನೋಡಿದ. ಮೈ ಪೂರ್ತಿ ನಡುಗ್ತಿತ್ತು, ಕಣ್ಣು ಆಂಬುಲೆನ್ಸು ಹೋದ ದಾರಿಯಲ್ಲೇ ಇತ್ತು. ಹಾಗಾದರೆ ನಾನೂ ಬರ್ತೀನಿ ನಡೀರಿ ಅಂದ.

ಮೈಮೇಲೊಂದು ಟವೆಲು, ಒದ್ದೆ ಚಡ್ಡಿ, ಬರಿಗಾಲು. ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಕೈ ಕೈ ಹಿಡಿದು ಕೂತರು. ಕೀತ್ ಎಡಗೈಯಲ್ಲಿ ನೀರು ಕುಡಿದ, ಭದ್ರನಿಗೂ ಕುಡಿಸಿದ. ಪ್ರಸಾದ ಕನ್ನಡಿಯಲ್ಲಿ ನೋಡ್ತಾ ನೋಡ್ತಾ ಕಣ್ಣು ಒರೆಸಿಕೊಂಡ. ಆಸ್ಪತ್ರೆಯ ಉದ್ದ ಹಾದಿಯಲ್ಲಿ ಮರಳು ಉದುರಿಸಿಕೊಂಡು ಹಾಗೇ ನಡೆದರು. ದಾದಿಯರು ದಾರಿ ಬಿಟ್ಟು ನಿಂತು ನೋಡಿದರು.

ಅಷ್ಟು ಹೊತ್ತಿಗೆ ಸಿದ್ದಗಂಗಮ್ಮನಿಗೆ ಎಚ್ಚರ ಬಂದಿತ್ತು. ಮೂಗಿನ ಮೇಲೆ ಆಕ್ಸಿಜನ್ನಿನ ಮುಖವಾಡ. ಭದ್ರ ಕ್ಷೇಮ ಅಂತ ವನಜ ಎಷ್ಟು ಸಲ ಹೇಳಿದರೂ ಅವಳು ನಂಬಿರಲಿಲ್ಲ. ಹಾಸಿಗೆ ಹಿಡಿದವರಿಗೆ ಯಾರು ತಾನೆ ನಿಜ ಹೇಳ್ತಾರೆ ಅಂತ ಗೋಡೆ ಕಡೆ ಹೊರಳಿ ಮಲಗಿದ್ದಳು. ನನ್ನ ಮಾತೇ ಅವನನ್ನ ಕೊಂದಿತು ಅಂತ ಒಳಗೇ ನಿಶ್ಚಯ ಮಾಡಿಕೊಂಡುಬಿಟ್ಟಿದ್ದಳು.

ಅಮ್ಮ ಅಂತ ದನಿ ಕೇಳಿತು. ಹೊರಳಿ ನೋಡಿದಳು. ಮಗ ನಿಂತಿದ್ದ. ಮಗನ ಕೈಯಲ್ಲಿ, ನೀರಲ್ಲಿ ಕಂಡಿದ್ದ ಆ ನರೆತ ಗಡ್ಡದ ಮನುಷ್ಯನ ಕೈ. ಬೆರಳೆಲ್ಲ ರಕ್ತ ಹೆಪ್ಪುಗಟ್ಟಿದ ಹಾಗೆ ಕೆಂಪಗಾಗಿತ್ತು. ಆದರೂ ಆ ಮನುಷ್ಯ ಕೈ ಎಳೆದುಕೊಳ್ಳದೆ ಸುಮ್ಮನೆ ನಿಂತಿದ್ದ.

ಭದ್ರ ಹೇಳಿದ. "ಬಿಡಲಿಲ್ಲ ಅಮ್ಮ."

ಸಿದ್ದಗಂಗಮ್ಮ ಆ ಎರಡು ಕೈಗಳನ್ನೇ ನೋಡಿದಳು. ಬೈಯ್ಯಲಿಲ್ಲ. ಬುದ್ಧಿ ಹೇಳೋಕೆ ಬಾಯಿ ತೆರೆದಳು, ಹೆದರಿ ಮುಚ್ಚಿದಳು. ಮತ್ತೆ ತೆರೆದಳು. ಇದರಲ್ಲಿ ತಪ್ಪಾಗೋಕೆ ಏನೂ ಇಲ್ಲ ಅಂತ ಚೆನ್ನಾಗಿ ಯೋಚನೆ ಮಾಡಿ, ಮುಖವಾಡ ಸರಿಸಿ, "ನಿನ್ನ ಪ್ರಾಣ ಉಳಿಸಿದವರಪ್ಪ. ಅವರಿಗೆ ಕೈ ಮುಗಿ" ಅಂದಳು.

ಭದ್ರ ಕೈ ಮುಗಿದ. ಬಿಡು ಅಂತ ಅವಳು ಹೇಳಿರಲಿಲ್ಲ. ಕೀತನ ಕೈಯನ್ನ ನಡುವೆ ಇಟ್ಟುಕೊಂಡೇ ಮುಗಿದ. ಎರಡು ಅಂಗೈ ಒತ್ತಿ, ಎದೆಗೆ ತಂದು, ತಲೆ ಬಗ್ಗಿಸಿದ. ಎಳೆತಕ್ಕೆ ಕೀತನೂ ಅರ್ಧ ಬಗ್ಗಿದ. ಇವರ ಕಡೆ ನಮಸ್ಕಾರ ಮಾಡೋದೇ ಹೀಗೆ ಅಂದುಕೊಂಡ ಆ ದೊಡ್ಡ ಮನುಷ್ಯ, ಖಾಲಿ ಇದ್ದ ತನ್ನ ಇನ್ನೊಂದು ಕೈಯನ್ನೂ ತಂದು ಭದ್ರನ ಕೈಗಳ ಮೇಲಿಟ್ಟು, ಗಂಭೀರವಾಗಿ ಕಣ್ಣು ಮುಚ್ಚಿಕೊಂಡ.